ಹೊಸ್ತಿಲು ಮತ್ತು ಇಳಿಜಾರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರುಂಟು. ಇಂಥವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ಪುನಶ್ಚೇತನ ವಿಭಾಗದಲ್ಲಿ ಗಾಲಿಕುರ್ಚಿಯ ಬಳಕೆಯನ್ನು ಕಲಿಸುತ್ತಾರೆ. ಆದರೆ ಅಲ್ಲಿ ಕಲಿತದ್ದು ಕಿಬ್ಬನಹಳ್ಳಿಯ ಮನೆಯ ಮೆಟ್ಟಿಲ ಬಳಿ ನಿಂತುಹೋದರೆ ಫಲವೇನು? ಮನೆಯನ್ನು ಅಣಿಗೊಳಿಸುವುದೂ ಚಿಕಿತ್ಸೆಯ ಅಂಗವೇ ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ನಿಮ್ಮ ಪಠ್ಯಪುಸ್ತಕದ ಇಳಿಜಾರು ತಲವೇ ನೆರವಾಗುತ್ತದೆ. ಕುರ್ಚಿಯೂ ಸೇರಿ 84 ಕಿಲೋಗ್ರಾಂ ತೂಗುವ ಭಾರವನ್ನು ನೆಟ್ಟಗೆ ಎತ್ತಲು ಒಬ್ಬರಿಂದಾಗದು. 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರನ್ನು ಕಟ್ಟಿದರೆ, ಘರ್ಷಣೆಯನ್ನು ಬಿಟ್ಟು, 7 ಕಿಲೋಗ್ರಾಂ ತೂಕದಷ್ಟು ಬಲ ಸಾಕು. ಮಾಡುವ ಕೆಲಸ ಕಡಮೆಯಾಗದು. ಬೇಕಾದ ಬಲ ಕಡಮೆಯಾಗುವುದು. ತೋಳಿನಲ್ಲಿ ಶಕ್ತಿಯುಳ್ಳವನು ತಾನಾಗಿಯೇ ಏರಬಲ್ಲನು.

ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಬರುವುದು ಒತ್ತಡ. ಸ್ಪರ್ಶಜ್ಞಾನವಿಲ್ಲದ ಅಂಗದಲ್ಲಿ ಮೂಳೆಯ ಉಬ್ಬು ಬಹುಕಾಲ ಒತ್ತಿದೆಡೆ ರಕ್ತಸಂಚಾರ ಕುಂದಿ ಹುಣ್ಣಾಗುತ್ತದೆ, ನೋವು ಎಚ್ಚರಿಸದು. ಆದುದರಿಂದ ತಕ್ಕ ಮೆತ್ತೆಯೂ ಆಗಾಗ್ಗೆ ಮಗ್ಗುಲು ಬದಲಿಸುವ ಅಭ್ಯಾಸವೂ ಅವಶ್ಯ.

ಹೊಸ್ತಿಲು ಮಂಗಳಕರವೆಂದು ಅದನ್ನು ತೆಗೆಯಲು ಹಿರಿಯರು ಒಪ್ಪದಿರಬಹುದು. ಅದರ ಎರಡು ಬದಿಗೂ ಓರೆಯಾದ ಹಲಗೆಗಳನ್ನು ಹೊಂದಿಸಬಹುದು. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನವೇ ಬಾಗಿಲು, ಬಚ್ಚಲುಮನೆಗಳನ್ನು ಅಳೆಯಿರಿ, ಗಾರೆಯವನನ್ನು ಕರೆಯಿಸಿರಿ. ಮನೆಯವನನ್ನು ಹೊತ್ತು ಒಳಗೆ ತರುವುದಕ್ಕಿಂತ ಅವನೇ ಒಳಗೆ ಬರುವಂತೆ ಮಾಡುವುದು ಮೇಲು.