ಅಂಕಿ ಓದಿದೆ, ಏರಿಕೆ ಓದಲಿಲ್ಲ

2019ರ ಆಗಸ್ಟ್ ತಿಂಗಳು. ಕೃಷ್ಣೆಯ ದಂಡೆಯ ಮೇಲಿರುವ ನಮ್ಮೂರಲ್ಲಿ ಒಂದು ಮುಂಜಾನೆ ಕಾಕಾ ಬಂದು ಕಟ್ಟೆಯ ಮೇಲೆ ಕುಳಿತರು. "ತಮ್ಮಾ, ನೀ ದಿನಾ ಪೇಪರ ಓದಾಂವ. ದನಾ ಹೊಡಕೊಂಡು ಮ್ಯಾಲಿನ ಹೊಲಕ್ಕ ಹೋಗೂಣೇನ?" ಎಂದು ಕೇಳಿದರು. ನಾನು ಪತ್ರಿಕೆಯಲ್ಲಿದ್ದ ಆ ದಿನದ ನೀರಿನ ಪ್ರಮಾಣ ನೋಡಿದೆ. 2005ರ ಪ್ರವಾಹದ ಅಂಕಿಗಿಂತ ಅದು ಕಡಿಮೆಯಿತ್ತು. "ಇವತ್ತ ಬ್ಯಾಡ್ರಿ ಕಾಕಾ, ನಾಳೆ ನೋಡೂಣು" ಎಂದೆ.

ಆ ರಾತ್ರಿಯೇ ನೀರು ದನದ ಮನೆ ಹೊಕ್ಕಿತು. ಎರಡು ಎಮ್ಮೆ ಉಳಿದವು. ಆಕಳು ಮತ್ತು ಕರು ಉಳಿಯಲಿಲ್ಲ. ಕಾಕಾ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಪತ್ರಿಕೆಯ ಅಂಕಿ ತಪ್ಪಿರಲಿಲ್ಲ. ವರ್ಷಗಟ್ಟಲೆ ವಿಜ್ಞಾನ ಕಲಿಸಿದ ನಾನು ಒಂದೇ ದಿನದ ಅಂಕಿ ನೋಡಿದ್ದು ತಪ್ಪಾಗಿತ್ತು.

ವಿದ್ಯಾರ್ಥಿ ಮಿತ್ರರೇ, ನಮ್ಮ ಭಾಗದ ನೀರಿನ ಲೆಕ್ಕ ನಿಮಗೆ ಗೊತ್ತಿರಬೇಕು. ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಗೆ ಕರಾಡದಲ್ಲಿ ಕೊಯ್ನಾ, ನರಸೋಬವಾಡಿಯಲ್ಲಿ ಪಂಚಗಂಗಾ ಸೇರುತ್ತವೆ. ನಮ್ಮ ತಾಲ್ಲೂಕಿಗೆ ಬಂದ ಮೇಲೆ ದೂಧಗಂಗಾ ಕೂಡಿಕೊಳ್ಳುತ್ತದೆ. ಅದಕ್ಕಾಗಿಯೇ ಮಳೆಗಾಲದಲ್ಲಿ 'ರಾಜಾಪುರ ಬ್ಯಾರೇಜಿನಿಂದ ಇಷ್ಟು, ದೂಧಗಂಗೆಯಿಂದ ಇಷ್ಟು, ಕಲ್ಲೋಳದ ಹತ್ತಿರ ಒಟ್ಟು ಇಷ್ಟು ಕ್ಯೂಸೆಕ್' ಎಂಬ ಸುದ್ದಿ ಬರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ ಆಗುತ್ತದೆ. ಸುಮಾರು 105 ಟಿಎಂಸಿ ಹಿಡಿಯುವ ಕೊಯ್ನಾ ಜಲಾಶಯ ತುಂಬಲು ಅಂಥ ಹರಿವು ಹನ್ನೆರಡು ದಿನ ಸಾಕು.

ಈಗ ಒಂದು ಕಲ್ಪಿತ ಉದಾಹರಣೆ. ನಾಲ್ಕು ದಿನದ ಹರಿವು ಕ್ರಮವಾಗಿ 60, 75, 95, 120 ಸಾವಿರ ಕ್ಯೂಸೆಕ್ ಇದೆಯೆನ್ನಿ. ಕೊನೆಯ ಅಂಕಿಯೊಂದನ್ನೇ ನೋಡಿದವನು '120 ತಾನೆ' ಎನ್ನುತ್ತಾನೆ. ನಾಲ್ಕನ್ನೂ ಸಾಲಾಗಿ ಬರೆದು ವ್ಯತ್ಯಾಸ ತೆಗೆಯಿರಿ: 15, 20, 25. ನೀರು ಏರುತ್ತಿದೆ, ಏರುವ ವೇಗವೂ ಏರುತ್ತಿದೆ. ಆಲೇಖ ಕಾಗದದ ಮೇಲೆ ಹಾಕಿದರೆ ಗೆರೆ ಮೇಲಕ್ಕೆ ಬಾಗುವುದು ಐದನೆಯ ತರಗತಿಯ ಮಗುವಿಗೂ ಕಾಣುತ್ತದೆ. ಅಂದು ನಾನು ಆ ಗೆರೆ ಎಳೆದಿರಲಿಲ್ಲ.

ಗೆರೆ ಎಳೆಯುವ ಗಣಕಯಂತ್ರ

ಇದೇ ಕೆಲಸವನ್ನು ಲಕ್ಷಗಟ್ಟಲೆ ಅಂಕಿಗಳ ಮೇಲೆ ಕ್ಷಣದಲ್ಲಿ ಮಾಡುವ ತಂತ್ರಾಂಶಗಳಿಗೆ 'ಬಿಸಿನೆಸ್ ಇಂಟೆಲಿಜೆನ್ಸ್' ಎಂದು ಹೆಸರು. ಐಬಿಎಂ ಸಂಸ್ಥೆಯ ಹ್ಯಾನ್ಸ್ ಪೀಟರ್ ಲೂನ್ 1958ರಲ್ಲಿ ಇದೇ ಹೆಸರಿನಿಂದ ಒಂದು ವ್ಯವಸ್ಥೆಯ ಕಲ್ಪನೆ ಮಂಡಿಸಿದ್ದರು. ಬೇಕಾದ ಮಾಹಿತಿ ಬೇಕಾದವರಿಗೆ ತಲುಪಬೇಕು ಎಂಬುದು ಅದರ ಸಾರ. ಇಂದು ಪವರ್ ಬಿಐ, ಟ್ಯಾಬ್ಲೋ ಮುಂತಾದವು ಬಳಕೆಯಲ್ಲಿವೆ. ಪವರ್ ಬಿಐ ಡೆಸ್ಕ್‌ಟಾಪ್ ವಿಂಡೋಸ್ ಗಣಕಗಳಿಗೆ ಉಚಿತವಾಗಿ ಸಿಗುತ್ತದೆ. ಹೆಸರಿನಲ್ಲಿ ವ್ಯಾಪಾರವಿದ್ದರೂ ನದಿಯ ಲೆಕ್ಕ ಅದಕ್ಕೆ ಬೇಡವಾಗಿಲ್ಲ.

ಮೊದಲು ಕೋಷ್ಟಕ ಮಾಡಿಕೊಳ್ಳಿ: ದಿನಾಂಕ, ಸ್ಥಳ, ಹರಿವು. ಒಂದು ಸಾಲಿಗೆ ಒಂದೇ ಅಳತೆ. ಮಳೆಯ ಅಂಕಿಗಳಿಗೆ ಇನ್ನೊಂದು ಕೋಷ್ಟಕ. ಎರಡರಲ್ಲೂ ಇರುವ ದಿನಾಂಕದ ಮೂಲಕ ತಂತ್ರಾಂಶ ಅವನ್ನು ಜೋಡಿಸುತ್ತದೆ. ಮುಂದೆ ನಿಮ್ಮ ಕೆಲಸ ಪ್ರಶ್ನೆ ಕೇಳುವುದು. 2019ನ್ನು ಒತ್ತಿದರೆ ಆ ವರ್ಷ ಮಾತ್ರ ಉಳಿಯುತ್ತದೆ. 2021ನ್ನು ಒತ್ತಿದರೆ ಚಿತ್ರ ಬದಲಾಗುತ್ತದೆ. ವರ್ಷದಿಂದ ತಿಂಗಳಿಗೆ, ತಿಂಗಳಿಂದ ದಿನಕ್ಕೆ ಇಳಿಯಬಹುದು. ಘಟ್ಟದಲ್ಲಿ ಮಳೆ ಹೆಚ್ಚಿದ ಎಷ್ಟು ದಿನಕ್ಕೆ ಕಲ್ಲೋಳದಲ್ಲಿ ನೀರು ಹೆಚ್ಚಿತು? ಎರಡು ಗೆರೆಗಳ ಶಿಖರಗಳ ನಡುವಿನ ಅಂತರ ನೋಡಿ. ಆ ಅಂತರವೇ ದನ ಬಿಚ್ಚಿಕೊಂಡು ಹೊರಡಲು ನಮಗಿರುವ ಸಮಯ.

ಆದರೆ ಯಂತ್ರಕ್ಕೆ ವಿವೇಕವಿಲ್ಲ. ಒಂದು ಸಾಲಿನಲ್ಲಿ ಕ್ಯೂಸೆಕ್, ಇನ್ನೊಂದರಲ್ಲಿ ಟಿಎಂಸಿ ಬರೆದರೆ ಅದು ಎರಡನ್ನೂ ಕೂಡಿಸಿಬಿಡುತ್ತದೆ. ಅಳತೆ ಸಿಗದ ದಿನ ಸೊನ್ನೆ ಹಾಕಿದರೆ ಆ ದಿನ ನದಿ ಬತ್ತಿತ್ತು ಎಂದೇ ತೋರಿಸುತ್ತದೆ. ಅಲ್ಲಿ ಖಾಲಿ ಬಿಡಬೇಕು. ಎರಡು ಗೆರೆ ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದೂ ಹೇಳಲಾಗದು.

ಗಣಕಯಂತ್ರವೇ ಬೇಕೆಂದಿಲ್ಲ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಯಾರು ಎಲ್ಲಿ ಸತ್ತರು, ಅವರು ಎಲ್ಲಿಯ ನೀರು ಕುಡಿದಿದ್ದರು ಎಂದು ವಿಚಾರಿಸಿದರು. ಸಾವುಗಳು ಬ್ರಾಡ್ ಸ್ಟ್ರೀಟಿನ ಒಂದು ಪಂಪಿನ ಸುತ್ತ ಗುಂಪಾಗಿದ್ದವು. ಅವರ ಮಾತಿನ ಮೇಲೆ ಆ ಪಂಪಿನ ಹಿಡಿಕೆ ತೆಗೆಸಲಾಯಿತು. ಅವರು ಆ ಸಾವುಗಳನ್ನು ಗುರುತಿಸಿದ ನಕಾಶೆ ಇಂದಿಗೂ ಪಾಠವಾಗಿ ಉಳಿದಿದೆ.

ಪಾಲಕರಲ್ಲೂ ಒಂದು ವಿನಂತಿ. ಮಗುವಿನ ಅಂಕಪಟ್ಟಿ ಬಂದಾಗ ಶೇಕಡಾವಾರು ಒಂದನ್ನೇ ನೋಡಬೇಡಿ. ಒಬ್ಬ ಹುಡುಗ ಮೂರು ಪರೀಕ್ಷೆಗಳಲ್ಲಿ 70, 60, 50 ತೆಗೆದ. ಒಬ್ಬ ಹುಡುಗಿ 50, 60, 70 ತೆಗೆದಳು. ಇಬ್ಬರ ಸರಾಸರಿಯೂ 60. ಒಬ್ಬನು ಜಾರುತ್ತಿದ್ದಾನೆ, ಒಬ್ಬಳು ಹತ್ತುತ್ತಿದ್ದಾಳೆ. ಸರಾಸರಿ ಇದನ್ನು ಹೇಳುವುದಿಲ್ಲ. ಜಾರುವವನನ್ನು ಹತ್ತಿರ ಕೂರಿಸಿಕೊಂಡು ಏನಾಯಿತೆಂದು ಕೇಳಿ, ಬೈಯುವುದು ಆಮೇಲಿರಲಿ.

ಈ ವಾರದ ಕೆಲಸ: ಒಂದು ನೂರು ಪುಟದ ವಹಿ ತೆಗೆದುಕೊಳ್ಳಿ. ಮಳೆಗಾಲವಾದರೆ ನದಿಯ ಹರಿವು, ಬೇಸಿಗೆಯಾದರೆ ನಿಮ್ಮ ಬಾವಿಯ ನೀರಿನ ಮಟ್ಟ ದಿನಾ ಬರೆಯಿರಿ. ವಾರಕ್ಕೊಮ್ಮೆ ಗೆರೆ ಎಳೆಯಿರಿ. ಗಣಕ ಸಿಕ್ಕಾಗ ಆ ವಹಿಯನ್ನೇ ಅದಕ್ಕೆ ಉಣಿಸಿ.

ನಾನೂ ಒಂದು ವಹಿ ಇಟ್ಟಿದ್ದೇನೆ. 2021ರ ಜುಲೈನಲ್ಲಿ ನೀರು ಮತ್ತೆ ಏರತೊಡಗಿದಾಗ ಕಾಕಾ ಕೇಳುವ ಮೊದಲೇ ನಾನು ಅವರ ಮನೆಗೆ ಹೋದೆ. ಗೆರೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿ, "ಹಂಗಾರ ಈಗ ಹೊಂಡೂಣು ನಡಿ" ಎಂದು ಎದ್ದು ಎಮ್ಮೆಯ ಹಗ್ಗ ಬಿಚ್ಚಿದರು.