ಪೊರೆ ದಾಟುವ ವಿಷ

2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ನೆರೆ ಇಳಿದರೂ ಇಂಥ ಕಡೆ ಬಾವಿಯ ನೀರನ್ನು ಕುದಿಸದೆ ಕುಡಿಯುವಂತಿಲ್ಲ. ಮಲ ಬೆರೆತ ನೀರೆಂದರೆ ಕಾಲರಾದ ಭಯ.

ಕಾಲರಾ ರೋಗಾಣು ಕರುಳನ್ನು ಕೊರೆದು ಒಳಹೊಗುವುದಿಲ್ಲ. ಕರುಳಿಗೆ ಅಂಟಿ ಕುಳಿತು ಒಂದು ಪ್ರೋಟೀನನ್ನು ಹೊರಬಿಡುತ್ತದೆ, ಅಷ್ಟೆ. ಇದನ್ನು ತೋರಿಸಿಕೊಟ್ಟವರು ಕಲಕತ್ತೆಯ ಶಂಭುನಾಥ ಡೇ. ರೋಗಾಣು ಬೆಳೆದ ದ್ರವವನ್ನು ಸೋಸಿ, ಒಂದೂ ಜೀವಾಣುವಿಲ್ಲದ ಆ ತಿಳಿಯನ್ನು ಮೊಲದ ಕರುಳಿಗೆ ಸೇರಿಸಿದರು. ಕರುಳು ನೀರು ತುಂಬಿ ಉಬ್ಬಿತು! 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಈ ಶೋಧಕ್ಕೆ ತಕ್ಕ ಮನ್ನಣೆ ಅವರು ಬದುಕಿದ್ದಾಗ ಸಿಗಲಿಲ್ಲ.

ಸರಿ, ವಿಷ ಹೊರಬರುವುದು ಹೇಗೆ? ಈ ರೋಗಾಣುವಿಗೆ ಎರಡು ಪೊರೆ. ವಿಷದ ತುಣುಕುಗಳು ಬಿಚ್ಚಿದ ದಾರದಂತೆ ಒಳಪೊರೆಯನ್ನು ದಾಟುತ್ತವೆ. ನಡುವಿನ ಜಾಗದಲ್ಲಿ ಮಡಿಚಿಕೊಂಡು, ಐದು ತುಣುಕು ಸೇರಿ ಉಂಗುರವಾಗುತ್ತವೆ, ಆರನೆಯದೂ ಅವುಗಳೊಡನೆ ಕೂಡಿರುತ್ತದೆ. ಹೀಗೆ ಸಿದ್ಧವಾದ ಗಂಟನ್ನು ಸೈಕಲ್ ಪಂಪಿನಂತೆ ಹೊರಪೊರೆಯ ಬಾಗಿಲಾಚೆ ನೂಕುವ ಯಂತ್ರವೇ ಉಂಟೆನ್ನುತ್ತಾರೆ ವಿಜ್ಞಾನಿಗಳು. ಉಂಗುರ ಕರುಳಿನ ಜೀವಕೋಶವನ್ನು ಹಿಡಿಯುತ್ತದೆ. ಆರನೆಯದು ಒಳಗೆ ಹೋಗಿ ತೂಬು ತೆರೆದಿಡುತ್ತದೆ. ಮೈಯ ಉಪ್ಪು, ನೀರು ಹರಿದುಹೋಗುತ್ತವೆ. ಸಾವು ಬರುವುದು ಈ ಬತ್ತುವಿಕೆಯಿಂದಲೇ, ಕೆಲವೊಮ್ಮೆ ಕೆಲವೇ ತಾಸಿನಲ್ಲಿ.

ಸಕ್ಕರೆಯೊಡನೆ ಉಪ್ಪನ್ನು ಒಳಗೆಳೆದುಕೊಳ್ಳುವ ದಾರಿ ಮಾತ್ರ ಕೆಡದೆ ಉಳಿದಿರುತ್ತದೆ. ಕಬ್ಬಿನ ಸೀಮೆಯವರು ಸಕ್ಕರೆಯ ಈ ಉಪಕಾರವನ್ನೂ ಬಲ್ಲವರಾಗಬೇಕು. ಓ.ಆರ್.ಎಸ್. ಪೊಟ್ಟಣದ ಗುಟ್ಟು ಅದೇ. ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಭೇದಿ ಶುರುವಾದೊಡನೆ ಗುಟುಕು ಗುಟುಕಾಗಿ ಕುಡಿಸುತ್ತಲೇ ದವಾಖಾನೆಗೆ ಒಯ್ಯಬೇಕು.