ಹುಳುಮನೆಯ ಸೂರಿಗೆ ಹೊದಿಕೆ

ಚಳಿದೇಶಗಳಲ್ಲಿ ಮನೆಯೊಳಗಿನ ಬಿಸಿಯನ್ನು ಹೆಪ್ಪುಗಟ್ಟಿದ ಮಣ್ಣು ಹೀರದಿರಲೆಂದು ತಳಪಾಯಕ್ಕೂ ನೆಲದಡಿಗೂ ಶಾಖ ತಡೆಯುವ ಹಲಗೆ ಹಾಕುತ್ತಾರೆ. ಆ ಪಾಠವನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗೆ ಹಾಗೇ ತಂದರೆ ನಷ್ಟವೇ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನವೂ ಆಳದ ಮಣ್ಣು ಹೊರಗಿನ ಗಾಳಿಗಿಂತ ತಣ್ಣಗಿರುತ್ತದೆ. ಸೈಜುಗಲ್ಲಿನ ತಳಪಾಯದ ಮೇಲೆ ಮಣ್ಣಿಗೆ ತಾಗಿ ಕೂತ ನೆಲ ಕಾಸಿಲ್ಲದೆ ತಂಪು ಕೊಡುತ್ತದೆ. ಕಾವು ಇಳಿಯುವುದು ಮೇಲಿನಿಂದ.

ಆ ಕಾವಿನ ಪೆಟ್ಟು ಮೊದಲು ಬೀಳುವುದು ಇಲ್ಲಿ ಸಾಕುವ ರೇಷ್ಮೆ ಹುಳುವಿಗೆ. ಎಳೆಯ ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಸಾಕು. ಪೊರೆ ಕಳಚುವ ನಾಲ್ಕನೇ ಜ್ವರ ಎದ್ದ ಮೇಲೆ 24–25 ಇರಬೇಕು. ಬೇಸಿಗೆಯ ಬಿಸಿಲಲ್ಲಿ, ಹುಳು ಸಾಕುವ ಮನೆಯ ಶೀಟು ಸೂರಿನ ಕೆಳಗೆ ಅದು ಎಲ್ಲಿ ಸಿಕ್ಕೀತು? ಸೊಪ್ಪು ಬಾಡುತ್ತದೆ, ಹುಳು ಮೇಯದೆ ಸೊರಗುತ್ತದೆ, ಸಪ್ಪೆ ರೋಗ ಬೀಳುತ್ತದೆ. ಮಿಶ್ರತಳಿ ಸ್ವಲ್ಪ ತಡೆದೀತು, ದ್ವಿತಳಿ ತಡೆಯದು. ಗೂಡು ಕಟ್ಟಲು ಹುಳು ಚಂದ್ರಿಕೆ ಹತ್ತುವ ಹೊತ್ತಿಗೆ ಬೆಳೆ ಕೈಕೊಟ್ಟರೆ ಸೊಪ್ಪು, ಕೂಲಿ, ಮೊಟ್ಟೆಯ ದುಡ್ಡು ಎಲ್ಲವೂ ಹೋದಂತೆ. ಗೂಡು ಕಟ್ಟಿದರೂ ಮಾರುಕಟ್ಟೆಯಲ್ಲಿ ದರ ಹತ್ತುವುದಿಲ್ಲ. ಡಿಸೆಂಬರ್ ರಾತ್ರಿ ಚಾಕಿ ಕೋಣೆಗೆ ಬಿಸಿ ಬೇಕು, ನಿಜ. ಆ ಬಿಸಿಯೂ ಹೆಚ್ಚಾಗಿ ಜಾರಿಹೋಗುವುದು ಬರಿ ಸೂರಿನಿಂದಲೇ.

ಕೇಂದ್ರ ಸರ್ಕಾರ 2018ರಲ್ಲಿ ತಂದ 'ಇಕೋ ನಿವಾಸ್ ಸಂಹಿತಾ' ಮನೆಯ ಸೂರಿಗೆ ಮಿತಿ ಹಾಕಿದೆ: ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, ಚದರ ಮೀಟರೊಂದಕ್ಕೆ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ದಾಟಬಾರದು. ಬರಿ ಆರ್‌ಸಿಸಿ ತಾರಸಿ ಅದರ ಎರಡು ಪಟ್ಟಿಗೂ ಹೆಚ್ಚು ದಾಟಿಸುತ್ತದೆ. ಆದರೆ ಈ ಸಂಹಿತೆ 500 ಚದರ ಮೀಟರಿಗಿಂತ ಚಿಕ್ಕ ನಿವೇಶನದ ಮನೆಗಳನ್ನು ಕೇಳುವುದಿಲ್ಲ. ಹುಳುಮನೆಯಂತೂ ಅದರ ಲೆಕ್ಕಕ್ಕೇ ಬಾರದು.

ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಕಿಟಕಿಗೆ ಒದ್ದೆ ಗೋಣಿ ಕಟ್ಟಿ ಬೆಳೆಗಾರರು ವರ್ಷವರ್ಷವೂ ಹೆಣಗುತ್ತಾರೆ. ಗರಿ ಒಂದೆರಡು ಮಳೆಗಾಲಕ್ಕೆ ಕೊಳೆಯುತ್ತದೆ, ಬೆಂಕಿಯ ಭಯ ಬೇರೆ. ತಾರಸಿಗೆ ಬಿಳಿ ಟೈಲ್ಸ್ ಚೂರಿನ ಹಾಸು, ಶೀಟಿನಡಿಗೆ ಶಾಖ ತಡೆಯುವ ಒಳಮಾಳಿಗೆ ಬಹುಕಾಲ ಬಾಳುವ ಉಪಾಯಗಳು. ಮಹಡಿಯ ಮೇಲೆ ಹುಳುಮನೆ ಕಟ್ಟಿದರೆ ನೆಲದ ತಂಪೂ ಇಲ್ಲ, ತಾರಸಿಯ ಕಾವೂ ತಪ್ಪದು; ಕಟ್ಟದಿರುವುದೇ ಲೇಸು.

ರೇಷ್ಮೆ ಇಲಾಖೆ ಹುಳುಮನೆಗೆ ಸಹಾಯಧನ ಕೊಡುವಾಗ ಗೋಡೆಯ ಅಳತೆಯಷ್ಟೇ ಕಟ್ಟುನಿಟ್ಟಾಗಿ ಸೂರಿನ ಹೊದಿಕೆಯನ್ನೂ ನೋಡಬೇಕು, ಅದರ ಖರ್ಚನ್ನು ಅಂದಾಜು ಪಟ್ಟಿಗೆ ಸೇರಿಸಿ ಭರಿಸಬೇಕು. ಮುಂದಿನ ಬೇಸಿಗೆಗೆ ಮೊದಲೇ ಈ ಆದೇಶ ಹೊರಡಲಿ.